ಫ್ಲೆಕ್ಸಿನ ಮೇಲಿನ ರಕ್ತದಾನಿ

ಯಾದಗಿರಿಯ ಆಸ್ಪತ್ರೆಯೊಂದರ ರಕ್ತನಿಧಿಯ ಬಾಗಿಲಲ್ಲಿ ಪರಿಮಳಾ ಅಪ್ಪನಿಗೆ ಬೇಕಾದ ರಕ್ತಕ್ಕಾಗಿ ಕಾದು ಕೂತಿದ್ದಳು. ಅದೇ ಬೆಂಚಿನ ಆ ತುದಿಗೆ ಗರಿಗರಿ ಬಿಳಿ ಅಂಗಿಯವನೊಬ್ಬ, ಜೊತೆಗೆ ಅವನ ಅಕ್ಕ. ಅವನ ಹೆಂಡತಿಗೆ ಹೆರಿಗೆಯಾಗಿ ರಕ್ತ ಬಹಳ ಹೋಗಿತ್ತಂತೆ. ಪರಿಮಳಾ ಮೊಬೈಲಿನಲ್ಲಿ ಕಣ್ಣಿಟ್ಟು ಕಿವಿಯನ್ನು ಅತ್ತ ಕೊಟ್ಟಳು.

“ಆಕಿದೂ ನಿಂದೂ ಒಂದ ಗ್ರೂಪ್ ಐತಿ. ಒಳಗ ಯಾಕ ಹೋಗವಲ್ಲಿ?”

“ಹೋಗಿದ್ನಕ್ಕಾ. ಹೋದ ತಿಂಗಳ ಕೊಟ್ಟೀನಿ ಅಂದೆ. ಹಂಗಾದ್ರ ಈಗ ಬ್ಯಾಡ ಅಂದ್ರು.”

“ಎಲ್ಲಿ ಕೊಟ್ಟಿದ್ದಿ?”

“ನನ್ನ ಹುಟ್ಟುಹಬ್ಬದ ಕ್ಯಾಂಪಿನ್ಯಾಗ. ಶಹಾಪುರದಾಗ ಫ್ಲೆಕ್ಸ್ ನೋಡಿಲ್ಲೇನು?”

“ನೋಡೀನಪಾ, ರಕ್ತದಾನಿ ಸಂಗಮನಾಥ ಅಂತ. ಆವತ್ತ ನಾನೂ ಅಲ್ಲೇ ಇದ್ದೆ. ಕಾಟ್ ಮ್ಯಾಲ ಮಲಗಿದಿ, ಕೈಗೆ ಪಟ್ಟಿ ಹಚ್ಚಿಸ್ಕೊಂಡಿ, ಫೋಟೋ ಆದ ಕೂಡ್ಲೇ ಎದ್ದು ರಕ್ತ ಕೊಟ್ಟವರಿಗಿಟ್ಟ ಜ್ಯೂಸ್ ಕುಡದಿ. ಸೂಜಿ ನೋಡೇ ಬೆವತಿದ್ದಿ.”

“ಮೆಲ್ಲಕ ಮಾತಾಡಕ್ಕಾ, ಮಂದಿ ಕೇಳ್ತಾರ.”

“ಕೇಳ್ಲಿ ಬಿಡು.”

“ಆವತ್ತ ಕೊಟ್ಟೇ ಇಲ್ಲ ಅಂದ್ರ ನನ್ನ ಮರ್ಯಾದಿ ಏನಾಗಬೇಕು?”

“ಥೂ ನಿನ್ನ! ಅಲ್ಲಿ ಹೆಂಡ್ತಿ ಸುಣ್ಣದಂಗ ಬೆಳ್ಳಗಾಗಿ ಬಿದ್ದಾಳ, ನಿನಗ ಮರ್ಯಾದಿ ಚಿಂತಿ.”

ಅವನು ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡ. ಅಕ್ಕ ಎದ್ದವಳೇ ಅದೇ ತೋಳು ಹಿಡಿದು ಅವನನ್ನು ಬಾಗಿಲ ಕಡೆ ದರದರ ಎಳೆದೊಯ್ದಳು.

“ಸುಳ್ಳು ಹೇಳಿದ್ದೆ ಅಂತ ಒಳಗ ಹೇಳು. ಫೋಟೋದ ಚಿಂತಿ ಮಾಡಬ್ಯಾಡ, ನಾ ತಗೀತೀನಿ. ಈ ಸಲ ಸೂಜಿ ಒಳಗ ಹೋದ ಮ್ಯಾಲ.”