ತಗ್ಗು ಬಾಗಿಲು

ನಗಬೇಡ್ವೇ! ಅಕ್ಕ ಹಣೆ ಊದಿಸ್ಕೊಂಡು ಬಂದು ಕೂತಿದಾಳೆ, ತಂಗಿಗೆ ನಗು... ಅಯ್ಯಯ್ಯೋ, ಮೆಲ್ಲಗೆ ಒತ್ತೇ! ಹಾಂ, ಹಾಗೆ. ಐಸು ತಣ್ಣಗಿದೆ.

ಬಸ್ಸಿಂದ ಇಳಿದು ನೇರ ನಿನ್ನ ಮನೆಗೇ ಬಂದೆ. ನಿಮ್ಮ ಭಾವ ಬ್ಯಾಗು ತಗೊಂಡು ಮನೆಗೆ ಹೋದ್ರು... ದೇವಸ್ಥಾನವಾ? ಚೆನ್ನಾಗಿತ್ತು ಕಣೇ! ಸಾವಿರ ವರ್ಷದ್ದಂತೆ. ಒಂದೊಂದು ಕಂಬಾನೂ ಮುಖ ಕಾಣೋ ಹಾಗೆ ಹೊಳೀತಿತ್ತು. ಕರ್ಕೊಂಡು ಹೋಗಿ, ಕರ್ಕೊಂಡು ಹೋಗಿ ಅಂತ ಎಷ್ಟು ವರ್ಷ ಅವರ ಪ್ರಾಣ ತಿಂದಿದ್ದೆ, ನಿನಗೇ ಗೊತ್ತಲ್ಲ. ದಾರಿಯುದ್ದಕ್ಕೂ ಅವರದ್ದು ಒಂದೇ ಮಾತು, 'ನಾನೂ ಇದೇ ಮೊದಲ ಸಲ ನೋಡ್ತಿರೋದು' ಅಂತ. ನಾನು ಕೇಳಿರಲೇ ಇಲ್ಲ!

ಗರ್ಭಗುಡಿ ಸುತ್ತಿ ಬರೋಕೆ ಒಂದು ಇಕ್ಕಟ್ಟಾದ ಓಣಿ. ಬಿಸಿಲಿಂದ ಒಳಗೆ ಕಾಲಿಟ್ರೆ ಗವ್ ಅನ್ನೋ ಕತ್ತಲು. ಹಿಂದುಗಡೆ ತಿರುಗೋ ಕಡೆ ತಗ್ಗು ಬಾಗಿಲು. ಮೇಲಿನ ಕಲ್ಲಲ್ಲಿ ಕಮಲ ಕೆತ್ತಿದಾರೆ, ಎಸಳು ಚೂಪಾಗಿ ಕೆಳಗಿಳಿದಿದೆ... ಅದೆಲ್ಲ ಆಮೇಲೆ ದೀಪ ತಂದಾಗ ನೋಡಿದ್ದು. ಮೊದಲು ಢಬ್! ನಗು, ನಗು. ಪೂಜಾರಿಯವರೂ ನಕ್ಕರು. 'ಮೊದಲ ಸಲ ಬಂದವರೆಲ್ಲ ಇಲ್ಲಿ ಹಣೆ ಕೊಟ್ಟೇ ಹೋಗೋದಮ್ಮ. ಎರಡನೇ ಸಲ ಯಾರಿಗೂ ತಗಲಲ್ಲ' ಅಂದ್ರು.

ನನ್ನ ಮುಂದೆ ನಿಮ್ಮ ಭಾವ ಇದ್ರು. ನನಗಿಂತ ಗೇಣುದ್ದ ಎತ್ತರ. ಅವರಿಗೆ ತಗಲಲೇ ಇಲ್ಲ, ನೋಡು! ದಾರಿ ಕಾಣಲ್ಲ ಅಂತ ಅವರ ಹೆಗಲ ಮೇಲೆ ಕೈ ಇಟ್ಕೊಂಡಿದ್ದೆ. ಆ ಹೆಗಲು ತಾನಾಗೇ ಕೆಳಗಿಳೀತು. ನಮ್ಮ ಅಡುಗೆಮನೆ ಅಟ್ಟದ ಕೆಳಗೆ ನೋಡದೇನೇ ಬಗ್ತಾರಲ್ಲ, ಹಾಗೆ.

'ಬಗ್ಗು' ಅಂತ ಒಂದು ಮಾತು ಹೇಳಬಾರದಿತ್ತೇ? ಹೇಳಲಿಲ್ಲ. ಹೇಳಿದ್ರೆ ಸಿಕ್ಕಿಬೀಳ್ತಿದ್ರಲ್ಲ! ನನ್ನ ತಲೆ ಒಡೆದ್ರೂ ಪರವಾಗಿಲ್ಲ, ಗುಟ್ಟು ಒಡೀಬಾರದು. ಹೊಟ್ಟೆ ಉರಿಯುತ್ತೆ ಕಣೇ.

ಯಾರ ಜೊತೆ ಬಂದಿದ್ರಿ ಅಂತ ನಾನೂ ಕೇಳಲಿಲ್ಲ. ಬಸ್ಸಲ್ಲಿ ಕನ್ನಡಿ ತೆಗೆದು ಹಣೆ ನೋಡ್ಕೊಂಡೆ. ಅರ್ಧಚಂದ್ರದ ಹಾಗೆ ಗಾಯ, ನಡುವೆ ಒಂದು ಚುಕ್ಕೆ...

ಯಾಕೇ, ಕೈ ನಿಂತುಹೋಯ್ತು?

ಕೂದಲು ಯಾಕೆ ಹಣೆ ಮೇಲೆ ಎಳ್ಕೋತೀಯ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಾನಿನ್ನೂ ಯಾರ ಹೆಸರೂ ಎತ್ತಿಲ್ಲವಲ್ಲೇ!

ನಿನ್ನ ಹಣೇಲಿ ಇದೇ ಅರ್ಧಚಂದ್ರ ಎದ್ದಾಗ ಕಪಾಟಿನ ಬಾಗಿಲು ಬಡೀತು ಅಂದಿದ್ದೆ ನೀನು, ಹೋದ ವರ್ಷ. ಯಾವ ಕಪಾಟಿಗೆ ಕಮಲದ ಎಸಳು ಇರುತ್ತೆ? ಆವತ್ತು ಐಸು ಒತ್ತಿದ್ದು ನಾನು. ನನ್ನ ತೊಡೆ ಮೇಲೆ ಮಲಗಿಸ್ಕೊಂಡಿದ್ದೆ ನಿನ್ನ, ಎಳೇ ಮಗು ಹಾಗೆ. ಅವರು ಅಲ್ಲೇ ಪಕ್ಕದಲ್ಲಿ ಪೇಪರ್ ಓದ್ತಾ ಕೂತಿದ್ರು. ಇಬ್ಬರೂ ಸೇರಿ... ಥೂ!

ಏನಾದ್ರೂ ಅನ್ನೇ. ಇಲ್ಲ ಅನ್ನು. ಸುಳ್ಳಾದ್ರೂ ಹೇಳು, ನಂಬ್ತೀನಿ.

ಐಸಿಗೋಸ್ಕರ ಬರಲಿಲ್ಲ ಕಣೇ ನಾನು. ಐಸು ನಮ್ಮ ಮನೇಲೂ ಇದೆ. ಬಸ್ಸಲ್ಲಿ ಕೂತು ಏನು ಬೇಡ್ಕೊಂಡೆ ಗೊತ್ತಾ? ಇದನ್ನೆಲ್ಲ ಹೇಳ್ತೀನಿ, ಅವಳು ನಗಲಿ, ಕೊನೇವರೆಗೂ ನಗ್ತಾನೇ ಇರಲಿ ದೇವರೇ ಅಂತ. ಗಂಡ ಹೋದ್ರೆ ಹೋಗ್ಲಿ, ಹೇಗೋ ಬದುಕ್ತೀನಿ. ತಂಗಿ ಅಂತ ಇದ್ದದ್ದು ನೀನೊಬ್ಬಳೇ ಅಲ್ವೇನೇ...

ಅಳಬೇಡ. ನಾನು ಕೇಳಿದ್ದು ಅಳು ಅಲ್ಲ.

ಕೊಡು ಇಲ್ಲಿ ಆ ಐಸು. ನಾನೇ ಒತ್ಕೋತೀನಿ.