ಸುವರ್ಣಾಳನ್ನು ಹೊರಗೆ ಕೂರಿಸಿದ ದಿನ

ಶಾಲಾ ಮಂಡಳಿಯ ಅಧ್ಯಕ್ಷರಾದ ಸಾತಲಿಂಗಪ್ಪನವರೇ, ನನಗೆ ಗಣಿತ ಕಲಿಸಲು ಹೋಗಿ ಸೋತ ಮುಖ್ಯಾಧ್ಯಾಪಕಿ ಕುಮುದಿನಿ ಬಾಯಿಯವರೇ, ಗುರುಹಿರಿಯರೇ, ಸೋಲಾಪುರದಿಂದ ಅಂಗಡಿ ಮುಚ್ಚಿಕೊಂಡು ಬಂದಿರುವ ನನ್ನ ಅಪ್ಪ, ಅವ್ವ, ಅಕ್ಕಲಕೋಟೆಯ ಸಭಿಕರೇ, ಮುಂದೆ ಜಮಖಾನದ ಮೇಲೆ ಕುಳಿತಿರುವ ಹುಡುಗಿಯರೇ,

ಈ ಶಾಲು, ಈ ಹಾರ ನನಗೆ ಭಾರವಾಗಿವೆ. ನನ್ನನ್ನು ಪರಿಚಯಿಸಿದ ಗುರುಗಳು, 'ತಲೆಗೆ ಪೆಟ್ಟು ಬಿದ್ದರೂ ಕೊನೆಯವರೆಗೆ ಮೈದಾನ ಬಿಡದ ಸುವರ್ಣಾ' ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಅವರಿಗೆ ಯಾರು ಹಾಗೆ ಹೇಳಿದರೋ ಗೊತ್ತಿಲ್ಲ. ಅದು ನಿಜವಲ್ಲ. ನಡೆದದ್ದನ್ನು ಹೇಳುತ್ತೇನೆ.

ಅಜ್ಜಿಯ ಮನೆಯಲ್ಲಿದ್ದು ನಾನು ಇದೇ ಶಾಲೆಯಲ್ಲಿ ಓದಿದೆ. ಹಿಂದಿನ ಅಂಗಳದಲ್ಲಿ ಕಬಡ್ಡಿ ಆಡಿದೆ. ಕಾಲೇಜಿಗೆಂದು ಪುಣೆಗೆ ಹೋದಾಗ ಹುಡುಗಿಯರು ಶಿರಸ್ತ್ರಾಣ ತೊಟ್ಟು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದನ್ನು ಕಂಡೆ. ಅದು ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಸೋಲಾಪುರದ ನವಿ ಪೇಠದ ನಮ್ಮ ಅಂಗಡಿಯಲ್ಲಿ ಅಪ್ಪ ಗಿರಾಕಿಗಳಿಗೆ ಹೇಳುತ್ತಿದ್ದರಂತೆ: "ನಮ್ಮ ಮಗಳು ಫುಟ್‌ಬಾಲ್ ಆಡತಾಳ್ರಿ, ಖರೆ ಚೆಂಡಿಗಿ ಕಾಲು ಹಚ್ಚಂಗಿಲ್ರಿ!"

ನಾನು ಲೈನ್‌ಬ್ಯಾಕರ್. ಎಂದರೆ ಏನು? ಎದುರಾಳಿ ಚೆಂಡನ್ನು ಎದೆಗವಚಿಕೊಂಡು ನುಗ್ಗುತ್ತಾಳೆ. ನಮ್ಮ ಮುಂದಿನ ಸಾಲನ್ನು ಸೀಳಿಕೊಂಡು ಬಂದರೆ, ಅದರ ಹಿಂದೆ ನಿಂತ ನಾನು ಅವಳನ್ನು ನೆಲಕ್ಕೆ ಕೆಡವಬೇಕು. ಕಬಡ್ಡಿ ಆಡಿದವಳಿಗೆ ಇದನ್ನು ಕಲಿಸಬೇಕೆ? ಏಳು ವರ್ಷ ಆಡಿದೆ. ಮೂರು ವರ್ಷ ನಾಯಕಿಯಾಗಿದ್ದೆ.

ಹೋದ ವರ್ಷ ಹೈದರಾಬಾದಿನಲ್ಲಿ ಅಂತಿಮ ಪಂದ್ಯ. ನಾವು ಮುಂದಿದ್ದೆವು. ಓಡಿ ಬಂದವಳನ್ನು ಕೆಡವುವಾಗ ಅವಳ ಮೊಣಕಾಲು ನನ್ನ ತಲೆಗೆ ಬಡಿಯಿತು. ಎದ್ದೆ. ಏನೂ ಆಗಿಲ್ಲವೆಂದು ಕೈ ಎತ್ತಿ ತೋರಿಸಿದೆ. ಜನ ಕೂಗಿದರು. ಆದರೆ ನನ್ನ ಪಕ್ಕ ಆಡುತ್ತಿದ್ದ ಶ್ರೀಲೇಖಾ, ಇಲ್ಲೇ ಹತ್ತಿರದ ಬೋರಾಮಣಿಯವಳು, ಏಳು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು, ನನ್ನ ಮುಖ ನೋಡಿದಳು.

"ಸುವರ್ಣಾ, ನಾವು ಈಗ ಯಾವ ಊರಾಗ ಇದ್ದೀವಿ?"

"ಅಕ್ಕಲಕೋಟ" ಎಂದೆ.

ಅವಳು ತರಬೇತುದಾರ ಪರಾಗ ಸರ್ ಕಡೆಗೆ ತಿರುಗಿದಳು. ನಾನು ಅವಳ ಅಂಗಿ ಹಿಡಿದು ಜಗ್ಗಿದೆ. "ಹೇಳಬ್ಯಾಡ. ನಿನ್ನ ಕಾಲು ಬೀಳತೀನಿ, ಹೇಳಬ್ಯಾಡ."

ಅವಳು ಹೇಳಿದಳು. ನನ್ನನ್ನು ಹೊರಗೆ ಕೂರಿಸಿದರು. ನಾನು ನಿಲ್ಲುತ್ತಿದ್ದ ಜಾಗದಿಂದಲೇ ಎದುರಾಳಿಗಳು ನುಗ್ಗಿ ಪಂದ್ಯ ಗೆದ್ದರು. "ನನ್ನ ಜೀವನಾನ ಹಾಳ ಮಾಡಿದಿ" ಎಂದು ಎಲ್ಲರೆದುರು ಶ್ರೀಲೇಖಾಳಿಗೆ ಕಿರುಚಿದೆ. ಎಂಟು ತಿಂಗಳು ಅವಳೊಡನೆ ಮಾತಾಡಲಿಲ್ಲ.

ಸೋಲಾಪುರದ ಡಾಕ್ಟರರು, ಅಂದು ಇನ್ನೊಂದು ಪೆಟ್ಟು ಬಿದ್ದಿದ್ದರೆ ಜೀವ ಉಳಿಯುವುದು ಕಷ್ಟವಿತ್ತು ಎಂದರು. ಮುಂದೆ ಆಡಬಾರದು ಎಂದರು. "ಮೊದಲು ಹೀಗಾಗಿತ್ತೇ?" ಎಂದು ಕೇಳಿದರು. ಇಲ್ಲ ಎಂದೆ.

ಆಗಿತ್ತು. ಎರಡು ಸಲ. ಇದನ್ನು ಇಂದು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಅವ್ವ, ಅಳಬ್ಯಾಡ. ಬೈಯೂದಿದ್ರ ಮನಿಗಿ ಹೋದ ಮ್ಯಾಲ ಬೈ.

ಆ ಎರಡು ಸಲವೂ ಯಾರಿಗೂ ಹೇಳದೆ ಸುಮ್ಮನಿದ್ದೆ. ಅದನ್ನು ಧೈರ್ಯ ಎಂದುಕೊಂಡಿದ್ದೆ. ಧೈರ್ಯ ಯಾರದು? ನನ್ನದೋ, ಗೆಳತಿಯನ್ನೂ ಪಂದ್ಯವನ್ನೂ ಕಳೆದುಕೊಳ್ಳುತ್ತೇನೆಂದು ಗೊತ್ತಿದ್ದೂ ಬಾಯಿ ಬಿಟ್ಟವಳದೋ?

ಹೋದ ತಿಂಗಳು ಅವಳಿಗೆ ಫೋನು ಮಾಡಿದೆ. "ಲೇಖಾ, ನಂದ ತಪ್ಪಾತು" ಎಂದೆ. ಅವಳು ಕೇಳಿದಳು:

"ತಲಿಶೂಲಿ ಕಡಿಮಿ ಆಗ್ಯಾದೇನು? ಮೊದಲ ಅದನ್ನ ಹೇಳು."

ನಾನು ಅತ್ತುಬಿಟ್ಟೆ. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದೆ: ಇನ್ನೂ ಪೂರ್ತಿ ಕಡಿಮೆಯಾಗಿಲ್ಲ.

ಅಧ್ಯಕ್ಷರು ಈ ಶಾಲೆಯ ಹುಡುಗಿಯರಿಗೆ ಆಟ ಕಲಿಸಲು ಕರೆದಿದ್ದಾರೆ. ಒಪ್ಪಿದ್ದೇನೆ. ಒಂದೇ ಕರಾರು, ಕುಮುದಿನಿ ಬಾಯಿಯವರಿಂದ ಬರೆಸಿಕೊಂಡೂ ಆಗಿದೆ. ತಲೆಗೆ ಪೆಟ್ಟಾದ ಹುಡುಗಿ, ಪಂದ್ಯ ಎಷ್ಟೇ ದೊಡ್ಡದಿರಲಿ, ಹೊರಗೆ ಕೂರುತ್ತಾಳೆ. ಅವಳ ಬಗ್ಗೆ ಬಂದು ಹೇಳಿದವಳನ್ನು ಯಾರೂ ಚಾಡಿಕೋರಿ ಎನ್ನಬಾರದು. ಅಂದವರು ನನ್ನ ಎದುರು ಬಂದು ಅನ್ನಲಿ. ತಡೆಯುವುದು ಹೇಗೆಂದು ನಾನು ಇನ್ನೂ ಮರೆತಿಲ್ಲ.

ಸೋಮವಾರ ನಾಲ್ಕಕ್ಕೆ ಮೈದಾನಕ್ಕೆ ಬನ್ನಿ. ಕೆಡವುವುದನ್ನು ನಾನು ಕಲಿಸುತ್ತೇನೆ. ಯಾವಾಗ ನಿಲ್ಲಿಸಬೇಕೆಂದು ಕಲಿಸಲು ಬೋರಾಮಣಿಯಿಂದ ಶ್ರೀಲೇಖಾ ಬರುತ್ತಾಳೆ. ಅವಳ ಮಾತಿಗೆ ನಾನೂ ಎದುರಾಡುವುದಿಲ್ಲ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.