ಅಕ್ಕನ ಅಳತೆ

ದರ್ಜಿ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಅದೇ ಬೆಂಚಿನ ತುದಿಯಲ್ಲಿ ಒಬ್ಬ ತಾಯಿ, ಮಗಳು. ಮದುವೆಯ ರವಿಕೆ ಹೊಲಿಸಲು ಬಂದವರು.

"ಈ ಸಲ ವರದಕ್ಷಿಣೆ ಬೇಡ ಅಂದ್ರಲ್ಲ, ನಮ್ಮ ಪುಣ್ಯ."

"ಅಕ್ಕಂಗೆ ಕೊಟ್ಟಿದ್ದೆಲ್ಲ ಅಲ್ಲೇ ಇದೆಯಲ್ಲಮ್ಮ, ಇನ್ನೇನು ಕೇಳ್ತಾರೆ?"

"ಅದೇ ಮತ್ತೆ. ಬೀರು, ಮಂಚ, ಎಲ್ಲ ಇನ್ನು ನಿಂದೇ."

"ಅವಳು ಸತ್ತಿದ್ದು ಆ ಮಂಚದ ಮೇಲೆ."

"ಹಾಸಿಗೆ ಹೊಸದು ಹಾಕಿಸ್ತಾರಂತೆ ಕಣೇ."

ಮಗಳು ಅಳತೆಗೆಂದು ತಂದಿದ್ದ ಅಕ್ಕನ ರವಿಕೆಯನ್ನು ತಿರುಗಿಸಿ, ಒಳಗಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇಷ್ಟೊಂದು ಸಾಲು ಹೊಲಿಗೆ ಯಾಕಮ್ಮ?"

"ತವರಿಗೆ ಬಂದಾಗಲೆಲ್ಲ ದೊಗಲೆ ಆಗಿದೆ ಅಂತ ಬಿಗಿ ಮಾಡಿಸ್ಕೊಂಡು ಹೋಗ್ತಿದ್ದಳು."

"ಯಾಕೆ ಸೊರಗಿದ್ದೀಯ ಅಂತ ಯಾರೂ ಕೇಳಲಿಲ್ವಾ?"

"ಹೊಸ ಮನೆ, ಹೊಂದ್ಕೋತಾಳೆ ಅಂದ್ಕೊಂಡ್ವಿ."

ಅಷ್ಟರಲ್ಲಿ ದರ್ಜಿ ಅವರನ್ನು ಕರೆದ. ಬಟ್ಟೆ ಬಿಡಿಸಿ ನೋಡುತ್ತಾ, "ಮದುವೆ ಆದ್ಮೇಲೆ ಮೈ ತುಂಬುತ್ತಮ್ಮ. ಬಿಚ್ಚಿ ಸಡಿಲ ಮಾಡ್ಕೊಳ್ಳೋಕೆ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟಿರ್ತೀನಿ" ಎಂದ.

"ಬೇಡಣ್ಣ," ಎಂದಳು ಮಗಳು, "ಆ ಮನೇಲಿ ಅದು ಬೇಕಾಗಲ್ಲ."

ತಾಯಿ ಕೇಳಿಸದವಳಂತೆ ಮೆಟ್ಟಿಲಿಳಿದಳು. ಮಗಳೂ ಹಿಂದೆಯೇ ಹೋದಳು.